ಮಾಳಿಂಗಪ್ಪನ ಹೊಟ್ಟೆಯಿಂದ ಸೋರಿದ ಪಿತ್ತ

೧೯೯೬ರ ಮಾತು. ಸಂತೆಕಲ್ಲೂರಿನ ಕುರಿಗಾರ ಮಾಳಿಂಗಪ್ಪನ ಲಿವರಿನಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ನೀರುಗುಳ್ಳೆ ಬೆಳೆದಿತ್ತು. ಪಟ್ಟಣದ ದವಾಖಾನೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಮನೆಗೆ ಬಂದು ನಾಲ್ಕು ದಿನ ಚೆನ್ನಾಗಿಯೇ ಇದ್ದ. ಐದನೆಯ ದಿನ ಹೊಟ್ಟೆಯ ಗಾಯದಿಂದ ಹಸಿರು-ಹಳದಿ ನೀರು ಜಿನುಗತೊಡಗಿತು.

“ಯಾರಿಗೂ ಹೇಳಬ್ಯಾಡ. ಮತ್ತ ಹೊಟ್ಟಿ ಕೊಯ್ದ್ರ ನಾ ಉಳಿಯಂಗಿಲ್ಲ,” ಎಂದು ಹೆಂಡತಿ ಗ್ಯಾನಮ್ಮನಿಂದ ಮಾತು ತೆಗೆದುಕೊಂಡ.

ಗ್ಯಾನಮ್ಮ ಹಳೆಯ ಸೀರೆ ಹರಿದು ಪಟ್ಟಿ ಕಟ್ಟಿದಳು. ತಾಸಿಗೊಮ್ಮೆ ತೋಯ್ದದ್ದು ಬಿಚ್ಚಿ ಒಣಗಿದ್ದು ಕಟ್ಟುತ್ತಿದ್ದಳು. ಮೂರು ದಿನಕ್ಕೆ ಅವನ ಮೈ ಸುಡತೊಡಗಿತು. ಬಾಯಿಗಿಟ್ಟ ತುತ್ತಿಗೂ ಮುಖ ತಿರುಗಿಸಿದ. ಅವಳಿಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದು ಊರಿನ ನರ್ಸ್ ಸುಭಾನಬಿಯನ್ನು ಕರೆತಂದಳು.

ಸುಭಾನಬಿ ಪಟ್ಟಿ ಬಿಚ್ಚಿ ನೋಡಿದಳು. “ಇದು ಪಿತ್ತ, ಅಣ್ಣಾ. ಲಿವರಿಂದ ಕರುಳಿಗೆ ಹೋಗಬೇಕಾದದ್ದು ಹೊರಗ ಸೋರಾಕತ್ತೈತಿ. ಮುಚ್ಚಿಟ್ರ ಒಳಗ ಕೀವಾಗ್ತೈತಿ.”

“ಮತ್ತ ಕೊಯ್ತಾರೇನ್ರಿ?” ಎಂದ ಮಾಳಿಂಗಪ್ಪ.

“ಎಲ್ಲಾರಿಗೂ ಕೊಯ್ಯೂದು ಬೇಕಾಗಂಗಿಲ್ಲ. ಈಗ ಬಾಯಿಂದ ದುರ್ಬೀನಿನ ನಳಿಗಿ ಇಳಿಸಿ, ಪಿತ್ತ ಹರಿಯೋ ದಾರ್‍ಯಾಗ ಸಣ್ಣ ಪ್ಲಾಸ್ಟಿಕ್ ಕೊಳವಿ ಕೂಡಿಸ್ತಾರ. ಕಾಲುವಿ ಒಡ್ಡು ಸೋರುವಾಗ ಮುಂದಿನ ಗೇಟ್ ಎತ್ತಿದ್ರ ನೀರು ಆ ಕಡಿ ಹೋಗ್ತೈತಲ್ಲ, ಹಂಗ. ಪಿತ್ತಕ್ಕ ಸಲೀಸು ದಾರಿ ಸಿಕ್ರ ತೂತು ತಾನ ಕೂಡ್ತೈತಿ.”

ಮಾಳಿಂಗಪ್ಪ ಹೆಂಡತಿಯನ್ನು ನೋಡಿದ. “ಯಾಕ ಹೇಳಿದಿ?”

“ಬೈರಿ ನನಗ. ಬೈಯಾಕರ ನೀವು ಇರಬೇಕಲ್ರಿ,” ಎಂದಳು. ಅವನು ಎದ್ದು ಚಪ್ಪಲಿ ಹುಡುಕಿದ.

ಆಪರೇಷನ್ ಮಾಡಿದ ಡಾಕ್ಟರೇ ಚೀಟಿ ಬರೆದು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಕೊಳವೆ ಹಾಕಲು ಅವನನ್ನು ಒಳಗೆ ಕರೆದೊಯ್ದಾಗ ಬಾಗಿಲ ಹೊರಗೆ ಗ್ಯಾನಮ್ಮ ನೀರೂ ಕುಡಿಯದೆ ಕೂತಿದ್ದಳು. ಹೊರಗೆ ತಂದಾಗ ಅವನು ನಿದ್ದೆಗಣ್ಣಲ್ಲೇ ಅವಳ ಅಂಗೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡ. “ನೋಡು, ಹೊಸಾ ಗಾಯ ಇಲ್ಲ.”

ಔಷಧಕ್ಕೆ ಜ್ವರ ಇಳಿಯಿತು. ಸೋರುವುದು ದಿನದಿನಕ್ಕೆ ಕಡಿಮೆಯಾಗಿ, ಹನ್ನೆರಡನೆಯ ದಿನ ಪಟ್ಟಿ ಒಣಗಿಯೇ ಇತ್ತು.

ಆರು ವಾರಕ್ಕೆ ಕೊಳವೆ ತೆಗೆಸುವ ದಿನ ಬಂತು. “ಆರಾಮ ಆಗೀನಲ್ಲ, ಮತ್ಯಾಕ?” ಎಂದ.

“ಒಳಗ ಬಿಟ್ರ ಕಟ್ಟಿಕೊಂತೈತಂತ. ಏಳ್ರಿ, ಬಸ್ ಹೋಗ್ತೈತಿ,” ಎಂದು ಗ್ಯಾನಮ್ಮ ಎಬ್ಬಿಸಿಕೊಂಡು ಹೋಗಿ ತೆಗೆಸಿಯೇ ಕರೆತಂದಳು. ಮರುವಾರ ಮಾಳಿಂಗಪ್ಪ ಕುರಿಗಳ ಹಿಂದೆ ಹೊರಟ.

ಅಕ್ಕಂದಿರೇ, ಅಣ್ಣಂದಿರೇ, ಲಿವರಿನ ಆಪರೇಷನ್ ಆದವರ ಗಾಯದಿಂದ ಹಸಿರು-ಹಳದಿ ನೀರು ಸೋರಿದರೆ, ಜ್ವರ, ಹೊಟ್ಟೆನೋವು ಬಂದರೆ, ಕಣ್ಣು ಹಳದಿಯಾದರೆ ಅಂದೇ ದವಾಖಾನೆಗೆ ಕರೆದೊಯ್ಯಿರಿ. ಬಹಳ ಮಂದಿಗೆ ಮತ್ತೆ ಹೊಟ್ಟೆ ಕೊಯ್ಯದೆಯೇ ವಾಸಿಯಾಗುತ್ತದೆ. ಕೊಳವೆ ಹಾಕಿದ್ದರೆ ಡಾಕ್ಟರು ಹೇಳಿದ ದಿನವೇ ತೆಗೆಸಿರಿ. ನಿಮ್ಮವರು ಅಂಜಿಕೊಂಡು ಹೇಳಬೇಡ ಎಂದರೂ, ನೀವು ಹೇಳಿರಿ.