ಗರಿಯಂಗಿಯ ಬೆನ್ನು

ಮೈಮೇಲೆ ದೇವರು ಬರುವಂತೆ ಕಾಡು ಬರುತ್ತಿದ್ದ ಮುದುಕಿಯೊಬ್ಬಳಿಗೆ ಇಬ್ಬರು ಮೊಮ್ಮಕ್ಕಳಿದ್ದರಂತೆ. ಹಿರಿಯವಳು ಫೋಟೋಗೆ ನಿಲ್ಲುವವರಿಗೆ ಉಡುಗೆ ತೊಡಿಸಿ ಅಣಿಗೊಳಿಸುವ ಸ್ಟೈಲಿಸ್ಟ್. ಕಿರಿಯವಳು ಹೊಸದಾಗಿ ಮಾಡೆಲ್. ಪತ್ರಿಕೆಯೊಂದು ಮುಖಪುಟಕ್ಕೆ ಕಾಡಿನ ಚೆಲುವಿರುವ ಚಿತ್ರ ಬೇಕೆಂದಾಗ, ಕಾಡು ಮೈಮೇಲೆ ಬರುವಾಗ ಅಜ್ಜಿ ತೊಡುತ್ತಿದ್ದ ಗರಿಯಂಗಿಯನ್ನು ಅಕ್ಕ ಕಾಡಿಬೇಡಿ ಪಡೆದಳು. ತೊಗಟೆಯ ನಾರಿಗೆ ಹದ್ದಿನ ಗರಿ, ಒಣಬೀಜ, ಕೊಂಬಿನ ಚೂರು ಪೋಣಿಸಿದ ಅಂಗಿಯದು. ಬೆನ್ನು ಮಾತ್ರ ಕುತ್ತಿಗೆಯಿಂದ ಸೊಂಟದವರೆಗೆ ಸೀಳು.

"ಹಿಂದೆ ಹೊಲೀಬೇಡ ಕಣೆ. ಬಂದದ್ದು ಹೋಗೋಕೆ ಅದೇ ಬಾಗಿಲು," ಎಂದಿದ್ದಳು ಅಜ್ಜಿ.

"ಸೂಜಿ ದಾರ ಮುಟ್ಟೋದೇ ಇಲ್ಲ, ಆಯ್ತಾ?"

ಮುಟ್ಟಲಿಲ್ಲ, ನಿಜ. ಆದರೆ ಸ್ಟುಡಿಯೋದಲ್ಲಿ ಅಂಗಿ ತಂಗಿಯ ತೆಳುಮೈಯ ಮೇಲೆ ಜೋಲಾಡಿತು. ಕ್ಯಾಮೆರಾ ನೋಡುವುದು ಮುಂಭಾಗವನ್ನಷ್ಟೆ. ಸಡಿಲ ಬಟ್ಟೆಯನ್ನು ಬೆನ್ನ ಹಿಂದೆ ಎಳೆದು ಕ್ಲಿಪ್ಪು ಕಚ್ಚಿಸುವುದು ಆ ಕಸುಬಿನ ಕೈರೂಢಿ. ಅಕ್ಕನ ಕೈ ಯೋಚಿಸಲಿಲ್ಲ. ಸೀಳು ಮುಚ್ಚಿಹೋಯಿತು.

"ಕಣ್ಣು ಮಿಟುಕಿಸಬೇಡ, ತುಟಿ ಅಲ್ಲಾಡಿಸಬೇಡ. ನೀನೀಗ ಮರ," ಎಂದ ಫೋಟೋಗ್ರಾಫರ್.

ತಂಗಿ ಮರವಾದಳು.

ದೀಪಗಳ ಜಾಗ ಬದಲಾಯಿತು, ಲೆನ್ಸು ಬದಲಾಯಿತು. ನಡುವೆ ಅಕ್ಕ ಗರಿ ಸರಿಪಡಿಸುವ ನೆಪದಲ್ಲಿ ಹತ್ತಿರ ಹೋಗಿ, "ಏನೇ, ಚುಚ್ತಾ ಇದೆಯಾ?" ಎಂದಳು. ಅರಳು ಹುರಿದಂತೆ ಮಾತಾಡುವ ಹುಡುಗಿ ತುಟಿ ಬಿಚ್ಚಲಿಲ್ಲ. ದೀಪದ ಕಾವಿಗೆ ಬೆವರಬೇಕಾದ ತೋಳಿನ ಮೇಲೆ ರೋಮ ನೆಟ್ಟಗೆ ನಿಂತಿತ್ತು. ತಾನು ಮಾಡಿದ್ದೇನೆಂದು ಅಕ್ಕನಿಗೆ ಆಗ ಹೊಳೆಯಿತು.

"ಸ್ವಲ್ಪ ನಿಲ್ಲಿಸಿ ಸಾರ್. ಕ್ಲಿಪ್ಪು ತೆಗೀಬೇಕು."

"ತಲೆ ಕೆಟ್ಟಿದೆಯೇನಮ್ಮ? ಆ ಕಣ್ಣು ನೋಡು. ಬೇಕು ಅಂದ್ರೂ ಸಿಗೋ ಕಣ್ಣಲ್ಲ ಅದು."

"ಅದು ಅವಳ ಕಣ್ಣಲ್ಲ ಸಾರ್."

"ಮತ್ತೆ ಯಾರಿಂದ ಸಾಲ ತಂದಳಂತೆ?" ಎಂದು ಮೇಕಪ್ಪಿನವಳು ಬ್ರಷ್ ಒರೆಸುತ್ತಲೇ ನಕ್ಕಳು.

ಅಲ್ಲಾಡಬೇಡವೆಂದದ್ದಕ್ಕೆ ಅಲ್ಲಾಡುತ್ತಿಲ್ಲವೋ, ಅಲ್ಲಾಡಲು ಒಳಗೆ ಅವಳೇ ಇಲ್ಲವೋ? ತಿಳಿಯುವ ಬಗೆ ಯಾವುದು? ಈ ಮುಖಪುಟಕ್ಕಾಗಿ ತಂಗಿ ಕಂಡವರ ಬಾಗಿಲನ್ನೆಲ್ಲ ತಟ್ಟಿದ್ದಳು. ಅಕ್ಕನೇ ಅದನ್ನು ಕೆಡಿಸಿದರೆ ಜನ್ಮದಲ್ಲಿ ಕ್ಷಮಿಸುವವಳಲ್ಲ. ಕೆಡಿಸದೆ ಬಿಟ್ಟರೆ, ಕ್ಷಮಿಸಲು ಅವಳಿರುತ್ತಾಳೋ ಇಲ್ಲವೋ.

ಅಕ್ಕ ನೇರ ಬೆಳಕಿನೊಳಕ್ಕೆ ನುಗ್ಗಿದಳು. ಹಿಂದಿನಿಂದ ಬೈಗುಳ ಕೇಳುತ್ತಲೇ ಇತ್ತು. ಕ್ಲಿಪ್ಪುಗಳು ಒಂದೊಂದಾಗಿ ನೆಲಕ್ಕುದುರಿದವು. ಕೊನೆಯದು ಗರಿಯ ಬುಡ ಕಚ್ಚಿಕೊಂಡು ಬಿಡಲಿಲ್ಲ, ಹಲ್ಲಿನಿಂದ ಎಳೆದಳು. ಬೆನ್ನು ತೆರೆಯಿತು. ತಂಗಿ ಇನ್ನೂ ಮರವೇ.

"ಹೋಗು ತಾಯಿ, ದಾರಿ ಬಿಟ್ಟಿದ್ದೀನಿ," ಎಂದು ಅಕ್ಕ ಪಿಸುಗುಟ್ಟಿದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು.

ಕಣ್ಣು ಒಮ್ಮೆ ಮಿಟುಕಿತು.

"ಏನಕ್ಕಾ ನಿನ್ನ ಗೋಳು? ಎಷ್ಟು ಚೆನ್ನಾಗಿ ನಿಂತಿದ್ದೆ ನಾನು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಬಿಟ್ಟೆಯಲ್ಲ. ಹೊಟ್ಟೆಕಿಚ್ಚೇನೆ ನಿನಗೆ?"

"ಬೈ, ಇನ್ನಷ್ಟು ಬೈ," ಎಂದು ಅಕ್ಕ ಅವಳ ಅಂಗೈ ಉಜ್ಜತೊಡಗಿದಳು.

ತಂಗಿ ಬೈಯುತ್ತಲೇ ಇದ್ದಳು. ಅಂಗೈ ಬೆಚ್ಚಗಾಗಲು ಮಾತ್ರ ಬಹಳ ಹೊತ್ತು ಹಿಡಿಯಿತಂತೆ.