ನೀರುಗುಳ್ಳೆ

ಹೊಕ್ಕುಳ ಮೇಲೆ ಸ್ಪಿರಿಟಿನ ತಣುಪು ಹರಿಯುತ್ತಿದೆ, ನರ್ಸ್ ಝೀಟಾ ಹತ್ತಿಯಿಂದ ಉಜ್ಜುತ್ತಿದ್ದಾಳೆ, ಸೂಜಿ ಚುಚ್ಚುವ ಜಾಗಕ್ಕೆ ನೀಲಿ ಶಾಯಿಯ ಗುರುತು, ಕುರಿಯ ಬೆನ್ನಿಗೆ ಹಚ್ಚುವ ಬಣ್ಣದ ಹಾಗೆ, ಗುರುತು ಬಿದ್ದ ಕುರಿಯನ್ನು ಯಾರು ಕೇಳುತ್ತಾರೆ, ಕರಿಬಸವ, ನಿನ್ನನ್ನೂ ಯಾರೂ ಕೇಳಲಿಲ್ಲ — ಅಲ್ಲ, ಕೇಳಿದರು, ಮೂರು ದಿನ ಒಂದೇ ಪ್ರಶ್ನೆ, ಕುಡಿಯುತ್ತೀಯಾ, ಎಷ್ಟು, ಎಂದಿನಿಂದ. ಮೇದೋಜೀರಕ ಗ್ರಂಥಿಯಂತೆ, ಮೂವತ್ತೈದು ವರ್ಷ ನನ್ನೊಳಗೇ ಇದ್ದದ್ದರ ಹೆಸರು ಈ ಕಾರ್ಕಳದ ನರ್ಸಿಂಗ್ ಹೋಮಿನಲ್ಲಿ ತಿಳಿಯಿತು, ಅದರ ತಲೆಯಲ್ಲಿ ನೀರಿನ ಗಂಟು, ಅದಕ್ಕೇ ಕಣ್ಣು ಹಳದಿ, ಅಲ್ಲಿ ನೀರು ತುಂಬುವುದು ಕುಡುಕರಿಗೇ ಅಂದರು ಅಲೆಕ್ಸ್ ಡಾಕ್ಟರು. ನಮ್ಮದು ಬೀರಪ್ಪನ ಪೂಜಾರಿ ಮನೆತನ, ಹೆಂಡ ಮುಟ್ಟಿದವನನ್ನು ಗುಡಿಯ ಕಟ್ಟೆ ಹತ್ತಗೊಡುವುದಿಲ್ಲ ಎಂದೆ, ನಕ್ಕರು, ಎಲ್ಲರೂ ಹಾಗೇ ಹೇಳುವುದು ಮಾರಾಯ. ಎಲ್ಲರೂ ಎಂದರೆ ನಾವು, ಘಟ್ಟದ ಮೇಲಿನವರು, ನಿಟ್ಟೆಯಲ್ಲಿ ಹಾಸ್ಟೆಲಿನ ನಾಲ್ಕನೇ ಮಹಡಿಗೆ ಕಬ್ಬಿಣ ಹೊತ್ತು ತಗಡಿನ ಕೆಳಗೆ ಮಲಗುವವರು, ನಮಗೆಲ್ಲ ಒಂದೇ ಹೊಟ್ಟೆ, ಆ ಹೊಟ್ಟೆಗೆ ಒಂದೇ ರೋಗ, ಅದಕ್ಕೆ ಒಂದೇ ಕಾರಣ, ಅದು ನಾವು ಬರುವ ಮೊದಲೇ ಬರೆದಾಗಿರುತ್ತದೆ. ಗುತ್ತಿಗೆದಾರ ಜಿತೇಂದ್ರ ಕಿವಿಯಲ್ಲಿ ಹೇಳಿದ, ಹೌದು ಅಂತ ಹೇಳಿಬಿಡು, ಮುಂದಿನ ಕೆಲಸ ಆಗ್ತದೆ, ಸೋಮವಾರ ಸ್ಲ್ಯಾಬ್ ಹಾಕಲಿಕ್ಕುಂಟು. ನಿನ್ನೆ ನೋವಿಗೆ ಸೋತು ಹೇಳಿಬಿಟ್ಟೆ, ಹೂಂ ರಿ, ದಿನಾ ಕುಡೀತೀನಿ. ರಾಚವ್ವ ಸೆರಗು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು, ಹನ್ನೆರಡು ವರ್ಷ ಜೊತೆಗೆ ಬಾಳಿದ ಹೆಂಡತಿ, ನಿಜ ಹೇಳಿದಾಗ ಅಲುಗದ ಡಾಕ್ಟರ ಪೆನ್ನು ಸುಳ್ಳಿಗೆ ಸರಸರ ಓಡಿತು.

ಈಗ ಮಣಿಪಾಲದಿಂದ ಬಂದ ಸ್ಕ್ಯಾನಿಂಗ್ ಡಾಕ್ಟರಮ್ಮ ಗ್ಲ್ಯಾಡಿಸ್ ಹೊಟ್ಟೆಯ ಮೇಲೆ ಯಂತ್ರ ಇಟ್ಟಿದ್ದಾರೆ, ಗಂಟಿನ ನೀರು ಎಳೆಯುವ ಸೂಜಿಗೆ ದಾರಿ ತೋರಿಸಲು, ಟಿವಿಯಂಥ ಪರದೆ ನನ್ನ ಕಡೆಗೂ ವಾಲಿದೆ — ಗುಂಡಗೆ, ಕಪ್ಪಗೆ, ಗುಳ್ಳೆಯೊಳಗೆ ಮರಿಗುಳ್ಳೆಗಳು, ಇದು ನನಗೆ ಗೊತ್ತು, ಇದನ್ನು ಕೈಯಲ್ಲಿ ಹಿಡಿದಿದ್ದೇನೆ, ಹಟ್ಟಿಯಲ್ಲಿ ಕುರಿ ಕೊಯ್ದಾಗ ಹೊಟ್ಟೆಯೊಳಗಿನ ಈಲಿಯಲ್ಲಿ ಬಿಳೀ ನೀರುಗುಳ್ಳೆ ಕಂಡರೆ ಕುಡಗೋಲಿನ ತುದಿಯಿಂದ ಅಷ್ಟನ್ನೇ ಬಿಡಿಸಿ ನಾಯಿಗೆ ಎಸೆಯುತ್ತಿದ್ದೆವು, ಅಪ್ಪನೂ ಹಾಗೇ, ಅಜ್ಜನೂ ಹಾಗೇ, ಕುರಿ ಕಾಯುವ ನಾಯಿಯ ಪಾಲು ಅದು, ಕೆಳಗೆ ಬೀಳಗೊಡದೆ ಗಬಕ್ಕನೆ ಹಿಡಿಯುತ್ತಿತ್ತು. ಸೂಜಿ ಹತ್ತಿರ ಬಂತು, ಅಲೆಕ್ಸ್ ಡಾಕ್ಟರ ಮಣಿಕಟ್ಟು ಹಿಡಿದೆ, ನಾ ಕುಡಿಯೂದಿಲ್ರಿ, ನಿನ್ನೆ ಸುಳ್ಳು ಹೇಳೀನಿ, ಇದು ಕುರಿ ಹೊಟ್ಟ್ಯಾಗಿನ ನೀರುಗುಳ್ಳಿ ಐತ್ರಿ. ನಿನ್ನೆ ಬಾಟ್ಲಿ, ಇವತ್ತು ಕುರಿಯಾ, ಕೈ ಬಿಡು ಅಂದರು, ಝೀಟಾ ನನ್ನ ಬೆರಳು ಒಂದೊಂದೇ ಬಿಡಿಸುತ್ತಿದ್ದಾಳೆ, ಬಿಡಲಾರೆ, ಕಬ್ಬಿಣ ಕಟ್ಟಿದ ಬೆರಳು ಇವು — ಆಗ ಗ್ಲ್ಯಾಡಿಸಮ್ಮ ಕೇಳಿದರು, ಯಾವ ಕುರಿ? ಮೂರು ದಿನದಲ್ಲಿ ಮೊದಲನೆಯ ಬೇರೆ ಪ್ರಶ್ನೆ. ಹೇಳಿದೆ, ಹಟ್ಟಿ, ಕುಡಗೋಲು, ನಾಯಿ. ಅವರು ಪರದೆ ನೋಡುತ್ತಲೇ ಅಂದರು, ಸೂಜಿ ಕೆಳಗಿಡಿ ಅಲೆಕ್ಸ್, ಇದು ಒಡೆದು ಒಳಗೆ ಚೆಲ್ಲಿದರೆ ಈ ಮೇಜಿನ ಮೇಲೇ ಜೀವ ಹೋದೀತು. ಅಪರೂಪವಂತೆ, ಈ ಗ್ರಂಥಿಯಲ್ಲಿ ಅವರೂ ಪುಸ್ತಕದಲ್ಲಷ್ಟೇ ನೋಡಿದ್ದಂತೆ, ರಕ್ತ ಮಣಿಪಾಲಕ್ಕೆ ಹೋಗಬೇಕು, ಮೊದಲು ಹುಳದ ಮಾತ್ರೆ, ಆಮೇಲೆ ಆಪರೇಷನ್. ಬದುಕಿದೆ, ಸಂತೋಷಪಡಬೇಕು, ಆದರೆ ಒಳಗೆ ಕುದಿಯುತ್ತಿದೆ, ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ, ನೀನು ಎಲ್ಲಿಯವನು, ಏನು ಮಾಡಿಕೊಂಡಿದ್ದೆ ಎಂದು, ಅಷ್ಟನ್ನು ಕೇಳಲು ಯಾವ ಯಂತ್ರ ಬೇಕಿತ್ತು. ಗ್ಲ್ಯಾಡಿಸಮ್ಮ ಇನ್ನೂ ಮಾತಾಡುತ್ತಿದ್ದಾರೆ, ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ, ಹುಳದ ಮೊಟ್ಟೆ ನಾಯಿಯ ಕೂದಲಿಗೆ, ಮೂತಿಗೆ, ಅಲ್ಲಿಂದ ಮನುಷ್ಯರ ಬಾಯಿಗೆ, ಒಳಗೆ ಹೋದರೆ ಮತ್ತೆ ಇದೇ ಗುಳ್ಳೆ, ಈಗಲೂ ಮನೆಯಲ್ಲಿ ನಾಯಿ ಉಂಟಾ, ಮಕ್ಕಳು ಉಂಟಾ — ಉಂಟು, ಎರಡೂ ಉಂಟು, ಲಾರಿಯಲ್ಲಿ ನಮ್ಮ ಜೊತೆಗೇ ಬಂದ ನಾಯಿ, ದಸರೆಗೆ ಊರಲ್ಲಿ ಕುರಿ ಕೊಯ್ದಾಗಲೂ ಅದರ ಪಾಲು ನಾನೇ ಎಸೆದೆ, ಗಬಕ್ಕನೆ ಹಿಡಿಯಿತು, ನಿಟ್ಟೆಯ ಶೆಡ್ಡಿನ ಬಾಗಿಲಲ್ಲಿ ನಾಲ್ಕು ವರ್ಷದ ಮಗಳು ರಾಜಶ್ರೀ, ರೊಟ್ಟಿ ಮುರಿದು ಅದಕ್ಕೊಂದು ತುಂಡು, ತನಗೊಂದು ತುಂಡು, ಅದರ ಕುತ್ತಿಗೆಗೆ ಜೋತುಬಿದ್ದು ನಗುತ್ತಾಳೆ, ಬಾಯಿ ತೆರೆದು ನಗುತ್ತಾಳೆ, ಅದು ಅವಳ ತುಟಿ ನೆಕ್ಕುತ್ತದೆ, ತುಟಿ ನೆಕ್ಕುತ್ತದೆ