ಕಟ್ಟಿಸಿಕೊಂಡು ಹೋದ ಅನ್ನ

ಹಬ್ಸಾಳ ಅಂಗಡಿಯ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್, ಮನೆಗೆ ಒಯ್ಯುವಷ್ಟರಲ್ಲಿ ಹಳಸುತ್ತದೆ ಎಂಬ ಮಾತು ಮಲೇಷ್ಯಾದ ಮುವಾರ್ ಹೊಳೆಯ ಈಚೆ ದಡದಲ್ಲೆಲ್ಲ ಹಬ್ಬಿ ತಿಂಗಳಾಗಿತ್ತು. ಬರೀ ಹಳಸುತ್ತದೆ ಎಂದಿದ್ದರೆ ಹೋಗಲಿ ಎನ್ನಬಹುದಿತ್ತು. ಅಂಗಡಿಯಲ್ಲಿ ಕೂತು ತಿಂದರೆ ಅಮೃತ, ಕಟ್ಟಿಸಿಕೊಂಡು ಹೋದರೆ ಹುಳಿ ಎಂದರೆ ಅಲ್ಲಿನವರಿಗೆ ಅರ್ಥ ಒಂದೇ: ಗಿರಾಕಿ ಎಳೆಯಲು ಅಡುಗೆಗೆ ಮಾಟ ಹಾಕಿಸಿದ್ದಾಳೆ. ಮಾಟ ಅಂಗಡಿಯ ಹೊಸ್ತಿಲು ದಾಟುವುದಿಲ್ಲವಂತೆ, ಅದಕ್ಕೇ ರುಚಿಯೂ ದಾಟುವುದಿಲ್ಲವಂತೆ. ಇಪ್ಪತ್ತೆಂಟು ವರ್ಷ ಅವಳ ಖಾರದ ಸಂಬಾಲ್ ಚಟ್ನಿ ನೆಕ್ಕಿ ಬೆರಳು ಚೀಪಿದ ಮಹಾನುಭಾವರೇ ಈಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹಬ್ಸಾ ಮೊದಲು ಬೈದಳು, ಆಮೇಲೆ ಅತ್ತಳು. ಕೊನೆಗೆ ಬೆಳಿಗ್ಗೆ ಕಟ್ಟಿದ ಒಂದು ಪೊಟ್ಟಣವನ್ನು ಅಡುಗೆಮನೆಯಲ್ಲೇ ಇಟ್ಟು, ಹತ್ತು ಗಂಟೆಗೆ ಬಿಚ್ಚಿ ನೋಡಿದಳು. ಬಾಳೆಲೆಯೊಳಗೆಲ್ಲ ಬೆವರು. ಸೌತೆಕಾಯಿ ಬಾಡಿ, ಹುರಿದ ಪುಟ್ಟ ಮೀನು ತೋಯ್ದು, ಅನ್ನ ಹುಳಿನಾತ ಹೊಡೆಯುತ್ತಿತ್ತು. ಮಾಟವೂ ಇಲ್ಲ, ಮಣ್ಣೂ ಇಲ್ಲ. ತೆಂಗಿನ ಹಾಲಿನಲ್ಲಿ ಬೆಂದ ಅನ್ನವನ್ನು ತಟ್ಟೆಯಲ್ಲಿ ಹರವಿ, ಬೀಸಿ ಆರಿಸದೆ ಕಟ್ಟಿದರೆ ಆಗುವುದೇ ಅಷ್ಟು.

ಕಟ್ಟುತ್ತಿದ್ದವಳು ಸೊಸೆ ಸಲ್ವಾನಿ. ಆದರೆ ಹಾಗೆ ಕಟ್ಟಿಸಿದವಳು ಹಬ್ಸಾಳೇ. ಹೊಸ ಕಾರ್ಖಾನೆಯ ಬಸ್ಸು ಬೆಳಿಗ್ಗೆ ಆರಕ್ಕೆ ಹೊರಡುತ್ತದೆ, ಅಷ್ಟರೊಳಗೆ ಅದರಲ್ಲಿ ಹೋಗುವ ಕೆಲಸಗಾರರಿಗೆ ಪೊಟ್ಟಣ ಸಿದ್ಧವಿರಬೇಕು. "ಬೀಸ್ತಾ ಕೂತ್ರೆ ಬಸ್ಸು ನಿನಗೋಸ್ಕರ ಕಾಯುತ್ತಾ? ಬಿಸಿಯಲ್ಲೇ ಕಟ್ಟು" ಎಂದು ಗದರಿದ್ದಳು. "ಬೆವರುತ್ತೆ ಅಮ್ಮಾ" ಎಂದು ಹುಡುಗಿ ಒಮ್ಮೆ ಹೇಳಿದ್ದಕ್ಕೆ, "ನನಗೆ ಅನ್ನ ಮಾಡೋದು ಕಲಿಸ್ತೀಯಾ?" ಎಂದು ಬಾಯಿ ಮುಚ್ಚಿಸಿದ್ದಳು.

ಪ್ರವಾದಿಯ ಹುಟ್ಟುಹಬ್ಬದ ಮೆರವಣಿಗೆಗೆ ಪ್ರತಿ ವರ್ಷ ಮುನ್ನೂರು ಪೊಟ್ಟಣ ಹಬ್ಸಾಳದ್ದೇ. ಈ ಸಲ ಅದು ಬೇರೆಯವರ ಕೈಗೆ ಹೋದರೆ ಮಾಟದ ಮಾತಿಗೆ ಮಸೀದಿಯೇ ಮುದ್ರೆ ಒತ್ತಿದಂತೆ. ಆಮೇಲೆ ಅಂಗಡಿ ಮುಚ್ಚುವುದೊಂದೇ ಬಾಕಿ. ಹಬ್ಸಾ ಅಂದು ಮಧ್ಯಾಹ್ನವೇ ಮಸೀದಿಯ ಹೆಂಗಸರ ಸಂಘದ ಮುಖ್ಯಸ್ಥೆ ಮಸ್ತುರಾಳ ಮನೆಗೆ ಹೋದಳು.

"ನಾನೇನೂ ಇಂಥದ್ದೆಲ್ಲ ನಂಬಲ್ಲಮ್ಮ," ಎಂದಳು ಮಸ್ತುರಾ, ನಂಬುವವರೆಲ್ಲ ಹೇಳುವ ಹಾಗೆ. "ಆದ್ರೆ ಮುನ್ನೂರು ಜನ ತಿನ್ನೋದು ನೋಡು."

"ಮಾಟ ಅಲ್ಲ ಮಸ್ತುರಕ್ಕ. ಬಿಸಿ ಅನ್ನ ಕಟ್ಟಿದ್ದು, ಅಷ್ಟೇ."

"ಬಿಸಿ ಅನ್ನ ಯಾರಾದ್ರೂ ಕಟ್ತಾರಾ? ನೀನಂತೂ ಒಂದಿನಾನೂ ಕಟ್ಟಿದೋಳಲ್ಲ. ಈಗ ಕಟ್ಟೋದು ಯಾರು?"

"ಸೊಸೆ."

"ಆ ಕೆಲಂತಾನ್ ಸೀಮೆ ಹುಡುಗಿ, ಅಲ್ವಾ?" ಮಸ್ತುರಾ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಇಳಿಸಿದಳು. "ಅದಕ್ಕೇ ಅನ್ಕೊಂಡೆ, ನಿನ್ನ ಕೈ ಅಂಥದ್ದಲ್ಲ. ಆ ಕಡೆಯೋರು ಮಾಟ-ಮಂತ್ರ ಏನೇನು ಕಲಿತಿರ್ತಾರೋ. ಪಾಪ, ನಿನಗೇನು ಗೊತ್ತು."

'ನಾನೇ ಹೇಳಿದ್ದು' ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಮುದುಕಿ ಬಸ್ಸಿನವರ ದುಡ್ಡಿಗೆ ಆಸೆಪಟ್ಟು ಊರಿಗೆ ಹಳಸಲು ತಿನ್ನಿಸಿದಳು ಎಂದು ನಾಳೆ ಸಂತೆಯಲ್ಲೆಲ್ಲ ನಗುತ್ತಾರೆ. ಹಬ್ಸಾ ಚಹಾದ ಲೋಟವನ್ನೇ ನೋಡುತ್ತ, "ಇನ್ನೂ ಚಿಕ್ಕವಳು, ಮಸ್ತುರಕ್ಕ," ಎಂದಳು. ಸುಮ್ಮನಿದ್ದಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲ. ಅದು ಅವಳಿಗೂ ಆಗಲೇ ಗೊತ್ತಾಯಿತು.

"ಸರಿ, ಈ ಸಲಾನೂ ನಿಂದೇ," ಎಂದಳು ಮಸ್ತುರಾ. "ಆದ್ರೆ ಅವಳು ಅಕ್ಕಿ ಕೂಡ ಮುಟ್ಟಬಾರ್ದು. ನಮ್ಮ ಹೆಂಗಸರೇ ಬಂದು ಕಟ್ಕೊಡ್ತಾರೆ."

ಹಬ್ಸಾ ಒಪ್ಪಿಕೊಂಡು ಬಂದಳು.

ಸಲ್ವಾನಿ ಮೆಟ್ಟಿಲ ಮೇಲೆ ಕೂತು ಬಾಳೆಲೆ ಒರೆಸುತ್ತಿದ್ದಳು. "ಏನಂದ್ರು ಅಮ್ಮಾ?"

"ಕೊಟ್ರು."

ಹುಡುಗಿಯ ಮುಖ ಅರಳಿತು. "ಈ ಸಲ ಚೆನ್ನಾಗಿ ಬೀಸಿ, ಆರಿಸೇ ಕಟ್ತೀನಿ. ಅವತ್ತೇ ಗಟ್ಟಿಯಾಗಿ ಹೇಳ್ಬೇಕಿತ್ತು ನಾನು. ನಂದೇ ತಪ್ಪು."

"ನೀನೇನೂ ಮಾಡ್ಬೇಡ. ಮಸೀದಿ ಹೆಂಗಸರು ಬರ್ತಾರೆ. ಅವತ್ತು ನೀನು ಆರಾಮಾಗಿ ಮಲಕ್ಕೋ."

ಸಲ್ವಾನಿಯ ಕಣ್ಣಲ್ಲಿ ನೀರು ಬಂತು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಒಂದು ದಿನವೂ ಅವಳಿಗೆ ಬಿಡುವು ಸಿಕ್ಕಿರಲಿಲ್ಲ. ಅಲ್ಲೇ ಕೂತು ತವರಿಗೆ ಫೋನ್ ಮಾಡಿದಳು. ಅತ್ತೆ ತನಗೆ ರಜೆ ಕೊಡಿಸಲು ಬೇರೆಯವರನ್ನು ಕರೆಸುತ್ತಿದ್ದಾರೆ ಎಂದು ತಮ್ಮ ಕಡೆಯ ಮಾತಿನಲ್ಲಿ ಹೇಳಿಕೊಂಡು ನಕ್ಕಳು. ಆಮೇಲೆ ಫೋನನ್ನು ಹಬ್ಸಾಳತ್ತ ಚಾಚಿದಳು. "ನಮ್ಮಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ."

"ಅಕ್ಕಾ," ಎಂದಳು ಬೀಗಿತ್ತಿ, "ಅಷ್ಟು ದೂರ ಕೊಟ್ಟು ನನಗೆ ನಿದ್ದೇನೇ ಇರ್ಲಿಲ್ಲ. ಅಲ್ಲಿ ಜನ ನಮ್ಮೋರ ಬಗ್ಗೆ ಏನೇನೋ ಆಡ್ಕೊಳ್ತಾರಂತೆ. ಯಾರಾದ್ರೂ ಏನಾದ್ರೂ ಅಂದ್ರೆ ನನ್ ಮಗಳ ಪರವಾಗಿ ನೀವೇ ಒಂದು ಮಾತು ಆಡ್ಬೇಕು."

ಬೇಡವೆಂದರೂ ಸಲ್ವಾನಿ ಮತ್ತೆ ಎಲೆ ಒರೆಸತೊಡಗಿದ್ದಳು. ಹಬ್ಸಾ ಅವಳಿಗೆ ಬೆನ್ನು ಹಾಕಿ ನಿಂತಳು.

"ಆಡಿದೀನಿ ತಂಗೀ," ಎಂದಳು. "ಇವತ್ತೇ ಆಡಿ ಬಂದೆ."